ನಾನೂರ ಹದಿಮೂರನೇ ಸಲ

ನಾನೂರ ಹದಿಮೂರನೇ ಸಲ ಅದೇ ಗುಹೆ.
ಬಾಗಿಲಲ್ಲಿ ಅದೇ ಎರಡು ಅಸ್ಥಿಪಂಜರ,
ಎಡಕ್ಕೆ ತಿರುಗಿದರೆ ಅದೇ ಜೇಡ,
ಕೊನೆಯ ಕೋಣೆಯಲ್ಲಿ ಅದೇ ಅರಸ,
ಸಾಯುವಾಗ ಅವನಾಡುವ ಅದೇ ಒಂದು ಮಾತು.
ನನಗೆ ಬಾಯಿಪಾಠ. ಅವನಿಗಿಂತ ಮೊದಲು ನಾನೇ ಹೇಳಿಬಿಡುತ್ತೇನೆ.
ಪೆಟ್ಟಿಗೆ ತೆರೆದರೆ ಬೂದು ಬಣ್ಣದ ಬೂಟು.
ಅಂಥವು ಮೂವತ್ತೊಂದು ಜೊತೆ ಇವೆ ನನ್ನ ಚೀಲದಲ್ಲಿ,
ಕಾಲಿಗೆ ಒಂದೇ ಜೊತೆ ಹವಾಯಿ.

ಬಾಯ್ಲರಿನ ನೀರು ಕಾಯುವ ತನಕ ಆಟ.
ಶಿಡ್ಲಘಟ್ಟದ ನಮ್ಮ ಗಲ್ಲಿಗೆ ಮೂರೂವರೆಗೇ ಬೆಳಗು.
ಹುಣಸೆ ಸೌದೆಯ ಚಟಪಟ. ಬೆಂದ ಹುಳದ ವಾಸನೆ,
ಊರಿಗೆ ಹೊಸಬರು ಮೂಗು ಮುಚ್ಚಿಕೊಂಡಾಗಷ್ಟೇ ನೆನಪಾಗುವಂಥದ್ದು.
ಫೋನಿನ ಗಾಜು ಬಿರುಕು ಬಿಟ್ಟಿದೆ;
ಆ ಗೀರಿನ ಹಿಂದೆ ಬಿಲ್ಲುಗಾರನೊಬ್ಬ ಕಂಡೂ ಕಾಣದ ಹಾಗೆ ನಿಲ್ಲುತ್ತಾನೆ.
ಈ ಆಟದಲ್ಲಿ ನನಗೆ ಗೊತ್ತಿಲ್ಲದವನು ಅವನೊಬ್ಬನೇ.

ತಂಡದಲ್ಲಿ ನಾಲ್ವರಿದ್ದೆವು. ಮುಳಬಾಗಿಲಿನ ಪ್ರಭಂಜನ ಬಿಟ್ಟ:
'ಬರೀ ಸಂಖ್ಯೆ ದಪ್ಪ ಆಗ್ತಿದೆ ಕಣೋ.'
ನಿಜ. ಸಾವಿರವಿದ್ದ ಕತ್ತಿಯೇಟು ಲಕ್ಷವಾಯಿತು,
ಅರಸನ ಆಯುಸ್ಸೂ ಜೊತೆಜೊತೆಗೇ ಬೆಳೆಯಿತು,
ಇಬ್ಬರೂ ಇದ್ದಲ್ಲೇ ಇದ್ದೇವೆ
ಸೊನ್ನೆಗಳ ಮೇಲೆ ಹತ್ತಿಕೊಂಡು.

ಮುಬೀನಾ ಖಾಲಾ ಇಪ್ಪತ್ತಾರು ವರ್ಷದಿಂದ
ಅದೇ ತೊಟ್ಟಿಯ ಮುಂದೆ ನೂಲು ಬಿಚ್ಚುತ್ತಾಳೆ.
'ಬೇಜಾರಾಗಲ್ವಾ ಖಾಲಾ?'
'ಆಗತ್ತೆ. ಹಬ್ಬದ ಮಾರನೇ ದಿನ ತುಂಬಾ ಆಗತ್ತೆ.'
ಆಮೇಲೆ ಬೆರಳು ನೀರಿಗದ್ದಿ:
'ನಿನ್ನೆ ಚಿಂತಾಮಣಿ ಕಡೆಯ ಗೂಡು. ಎಳೆ ಕೊಟ್ಟಂಗೆ ಮಾಡಿ ನಡುವೆ ಕೈ ಕೊಡ್ತು.
ಇವತ್ತಿಂದು ಮಳೇಲಿ ನೆಂದೈತೆ, ಬಿಸಿ ಒಂಚೂರು ಇಳಿಸು.
ಒಂದೊಂದು ಲಾಟೂ ಬಂದು ಹೇಳತ್ತೆ ಬೇಟಾ,
ನಿನಗೆ ಬರೋದನ್ನ ಮರೆತು ಬಾ ಅಂತ.'

ಆಟ ಕಟ್ಟುವ ಸಾಹೇಬರೇ,
ಹೊಸ ಕತ್ತಿ ಬೇಡ.
ಒಂದು ದಿನ ಗುಹೆಗೆ ನೀರು ನುಗ್ಗಲಿ.
ಒಂದು ದಿನ ಜೇಡ ಇರದೆ ಬಲೆ ಮಾತ್ರ ಇರಲಿ,
ಎಲ್ಲಿ ಹೋಯಿತೆಂದು ನಾನು ಹೆದರಿಕೊಂಡೇ ನಡೆಯುವಂತೆ.
ಮೂವತ್ತೊಂದು ಬೂದು ಬೂಟು ಬಿಚ್ಚಿ ಏನನ್ನಾದರೂ ಹೊಲಿಯಲು ಬಿಡಿ,
ಕೆಟ್ಟದಾಗಿ ಹೊಲಿಯಲೂ ಬಿಡಿ.
ಮುನ್ನೂರನೇ ಸಲ ನಾನು ಒಡೆದ ಕಂಬ
ಮುನ್ನೂರ ಒಂದನೇ ಸಲವೂ ಒಡೆದೇ ಬಿದ್ದಿರಲಿ.
ಅರಸ ಒಮ್ಮೆಯಾದರೂ ತಲೆಯೆತ್ತಿ
'ಮತ್ತೆ ನೀನಾ?' ಅನ್ನಲಿ.

ನೀರು ಕುದಿಯಿತು. ಅರಸ ಇನ್ನೂ ಅರ್ಧ ಜೀವ,
ನಾನು ಫೋನು ಜೇಬಿಗಿಟ್ಟೆ.
ಖಾಲಾ ಗೂಡು ಆರಿಸುತ್ತ ಒಂದನ್ನು ನನ್ನತ್ತ ಎಸೆದಳು:
'ಜೋಡಿ ಗೂಡು. ಎರಡು ಹುಳ ಸೇರಿ ಒಂದೇ ಮನೆ ಕಟ್ಟವೆ.
ಸಿಕ್ಕು. ಎಳೆ ಬರಲ್ಲ. ಬಿಸಾಕು.'

ಬಣ್ಣವಿಲ್ಲ, ಲೆವೆಲ್ಲಿಲ್ಲ,
ಹಿಡಿದರೆ ಹೆಬ್ಬೆಟ್ಟಿನಷ್ಟು.
ಕಿವಿಯ ಹತ್ತಿರ ತಂದು ಅಲುಗಿಸಿದೆ.
ಮತ್ತೊಮ್ಮೆ ಅಲುಗಿಸಿದೆ.