ಕೂಡುವುದು, ಕಳೆಯುವುದು

ಬರ್ಲಿನ್ನಿನಿಂದ ಒಂದಾಗಿ ಬಂದ ರೈಲು
ನಮ್ಮ ಹಾಮ್‌ನಲ್ಲಿ ಎರಡಾಗುತ್ತದೆ.
ಮುಂದಿನರ್ಧ ಡಾರ್ಟ್‌ಮುಂಡ್ ಹಾದು ಡ್ಯೂಸೆಲ್‌ಡಾರ್ಫ್‌ಗೆ,
ಹಿಂದಿನರ್ಧ ಹಾಗೆನ್, ವುಪ್ಪರ್‌ಟಾಲ್, ಕಲೋನ್.
ಕೊಂಡಿ ಕಳಚುವ ಸದ್ದು ಅಷ್ಟೇನೂ ಜೋರಿಲ್ಲ,
ಬೆರಳ ನೆಟಿಕೆ ಮುರಿದಷ್ಟು.

ನನ್ನದು ಪ್ಲಾಟ್‌ಫಾರಂ ಮೇಲಿನ ಬ್ರೆಡ್ಡಿನಂಗಡಿ.
ಹತ್ತೊಂಬತ್ತು ವರ್ಷದಿಂದ ಜನ ನನ್ನ ಕೇಳುವುದು
ಬೆಲೆಯನ್ನಲ್ಲ:
"ಇದು ಯಾವ ಅರ್ಧ?"
ನಮ್ಮೂರಲ್ಲೊಂದು ಗಾಜಿನ ಆನೆಯಿದೆ,
ಮುಚ್ಚಿದ ಕಲ್ಲಿದ್ದಲ ಗಣಿಯಲ್ಲಿ ಎದ್ದು ನಿಂತದ್ದು,
ಸೊಂಡಿಲೊಳಗೆ ಲಿಫ್ಟು.
ಅದನ್ನು ಕೇಳಿದವರಿಲ್ಲ.
ಆರು ನಿಮಿಷಕ್ಕೆ ಊರು ಯಾಕೆ ಬೇಕು?

ನವೆಂಬರಿನ ಒಂದು ಸಂಜೆ
ಕಂದು ಟೊಪ್ಪಿಯ ಮುದುಕರೊಬ್ಬರು ಇಳಿದು
ಎರಡು ಪ್ರೆಟ್ಸೆಲ್ ಕೊಂಡರು.
ನನ್ನ ಎದೆಯ ಬಿಲ್ಲೆ ಓದಿ, "ಹೈಡ್ರುನ್ ಅವರೇ,
ಒಂದರ ಉಪ್ಪು ಉದುರಿಸಿಬಿಡಿ,
ರೋಸ್ವಿತಾಗೆ ಬಿಪಿ" ಅಂದರು.
ನಾನು ಉಪ್ಪು ಕೆರೆಯುತ್ತಿದ್ದೆ.
ಆಗ ಕಳಚಿತು.
ಓಡಿದರು, ಚಿಲ್ಲರೆ ಬಿಟ್ಟು,
ಬಾಗಿಲು ಹತ್ತಿರವಿದ್ದ ಅರ್ಧಕ್ಕೆ.
ಅದು ಅವರ ಅರ್ಧವಾಗಿರಲಿಲ್ಲ.
ಕೂಗಿದೆ. ಗಾಜಿಗೆ ಕಿವಿಯಿಲ್ಲ.

ಎರಡು ಗಂಟೆಯ ಮೇಲೆ ಹಾಗೆನ್ ಕಡೆಯಿಂದ
ಪ್ಯಾಸೆಂಜರ್ ಗಾಡಿಯಲ್ಲಿ ಹಿಂತಿರುಗಿ ಇಳಿದಳು ಆಕೆ:
ಎರಡು ಕೋಟು, ಎರಡು ಪೆಟ್ಟಿಗೆ, ಆತನ ಫೋನು.
ಕೇಳುವ ಮೊದಲೇ ಚಿಲ್ಲರೆ ಕೊಟ್ಟೆ.
ಎಣಿಸಿದಳು. "ಎರಡು ಯೂರೋ ನಲವತ್ತು.
ಮದುವೆಯಾದಾಗಿನಿಂದ ಹೀಗೇ."
ಸ್ವಲ್ಪ ಹೊತ್ತಿನ ಮೇಲೆ,
"ಹನೋವರ್‌ನಿಂದ ಮಾತು ಬಿಟ್ಟಿದ್ದೆವು,
ಕಿಟಕಿ ಸೀಟಿನ ವಿಷಯಕ್ಕೆ.
ಪ್ರೆಟ್ಸೆಲ್ ಬೇಕೆಂದು ನಾನು ಕೇಳಿರಲಿಲ್ಲ."

ಶಾಲೆಯಲ್ಲಿ ಕಲಿಸಿದ್ದರು:
ಕಳೆದದ್ದನ್ನು ಮತ್ತೆ ಕೂಡಿ ನೋಡು,
ಮೊದಲಿನದೇ ಬಂದರೆ ಲೆಕ್ಕ ಸರಿ.
ಬರ್ಲಿನ್ ಕಡೆ ಹೋಗುವಾಗ ಎರಡು ಅರ್ಧಗಳೂ
ಇಲ್ಲೇ ಬಂದು ಕೂಡಿಕೊಳ್ಳುತ್ತವೆ.
ಒಂದು ತಡವಾದರೆ ಇನ್ನೊಂದು ಕಾಯುತ್ತದೆ,
ಕೆಲವೊಮ್ಮೆ ಕಾಯುವುದಿಲ್ಲ.
ನಾನೂ ಒಬ್ಬನನ್ನು ಕಲೋನಿನ ಅರ್ಧಕ್ಕೆ ಹತ್ತಿಸಿದ್ದುಂಟು,
ಕೈಗೆ ಬಿಸಿ ರೊಟ್ಟಿ ಕೊಟ್ಟು. ಅದಿರಲಿ.

ಹೇಸನ್‌ಗೆ ಹೋಗುವ ನನ್ನ ಬಸ್ಸಿಗೆ ಹೊತ್ತಾಗಿತ್ತು,
ಅದು ಯಾರನ್ನೂ ಕಾಯದು.
ಉಳಿದ ಕಾಫಿ ಆಕೆಗೆ ಬಗ್ಗಿಸಿ ಶಟರ್ ಎಳೆದೆ.
ಸ್ಟಾಪಿನವರೆಗೂ ಕೇಳಿಸಿತು ಆ ದನಿ:
ಡಾರ್ಟ್‌ಮುಂಡ್‌ನಿಂದ ಬರುವ ಗಾಡಿ
ಇಪ್ಪತ್ತು ನಿಮಿಷ ತಡ, ಕ್ಷಮೆಯಿರಲಿ.

ಬೆಳಿಗ್ಗೆ ಬೆಂಚಿನ ಮೇಲೆ
ನನ್ನಂಗಡಿಯ ಕಾಗದದ ಚೀಲ,
ಸುತ್ತ ಚೂರುಪಾರು.
ಗುಬ್ಬಿಗಳು ಹಿಟ್ಟನ್ನಷ್ಟೇ ಆಯ್ದು
ಉಪ್ಪಿನ ಹರಳು ಅಲ್ಲೇ ಬಿಟ್ಟಿದ್ದವು.