ಏಳನೆಯ ತಂತಿ

ಕುಟಬಣದ ಧಕ್ಕೆಯಲ್ಲಿ ಜುಲೈ.
ದೋಣಿಗಳೆಲ್ಲ ದಿಮ್ಮಿಗಳ ಮೇಲೆ ಹತ್ತಿ
ನೀಲಿ ತಾಡಪತ್ರಿ ಹೊದ್ದು
ಸರ್ಕಾರ ಕೊಟ್ಟ ರಜೆ ಮಲಗಿ ಕಳೆಯುತ್ತಿವೆ.
ವೈರಿಂಗಿನವರಿಗೆ ಇದೇ ಸುಗ್ಗಿ.

"ಒಂದು ದೀಪ ಮಿಣುಕುತ್ತೆ, ಅಷ್ಟೆ, ನೋಡಿಬಿಡು"
ಅಂದಿದ್ದ ಕುಸ್ತೋದಿಯೊ.
ಹಳೇ ದೋಣಿಯವರೆಲ್ಲ ಹೀಗೇ ಹೇಳುವುದು.

ತಂತಿಯ ತುದಿ ಸುಲಿದೆ. ಕಪ್ಪು.
ಗೇಣು ಕತ್ತರಿಸಿ ಸುಲಿದೆ. ಕಪ್ಪು.
ಮೊಳ ಕತ್ತರಿಸಿದೆ. ಕಪ್ಪಿನ ಮೇಲೆ ಹಸಿರು ಕಿಲುಬು.
ಮಾರುದ್ದ ಹೋದ ಮೇಲೂ
ತಾಮ್ರ ತನ್ನ ಬಣ್ಣ ಒಪ್ಪಿಕೊಳ್ಳಲಿಲ್ಲ.
ಹಲಗೆ ಸಂದಿಯಿಂದ ಬಂದ ಕಡಲನ್ನು ಪಂಪು ಹಾಕಿ ಚೆಲ್ಲಬಹುದು.
ಇದು ತಂತಿಯ ತೊಗಲೊಳಗೆ
ಎಳೆ ಎಳೆ ಹಿಡಿದು ಏರಿದ ಕಡಲು.

"ಎಲ್ಲ ಕೀಳಬೇಕು" ಅಂದೆ.
ಕುಸ್ತೋದಿಯೊ ಮೊದಲು ನನ್ನನ್ನು,
ಆಮೇಲೆ ಇಂಜಿನ್ ಮಾರಿದವನನ್ನು,
ಆಮೇಲೆ ಬ್ಯಾಂಕನ್ನು ಬೈದು
ಸಂಜೆಗೆ ಮುಂಗಡ ಕೊಟ್ಟ.

ಕಿತ್ತೆವು, ನಾನು ಮತ್ತು ಬುಧನ್, ಮೂರು ದಿನ.
ಮದುವೆ ಚಪ್ಪರಕ್ಕೆ ಎಳೆಯುವಂಥ ವೈರು.
ಗಂಟಿನ ಮೇಲಿನ ಟೇಪು ಕರಗಿ ಜೋನಿಬೆಲ್ಲ.
ಫ್ಯೂಸಿನ ಜಾಗದಲ್ಲಿ ಸಿಗರೇಟಿನ ಬೆಳ್ಳಿ ಕಾಗದ.
ಹಂಗಾಮಿಗೊಂದು ಸೇರಿದೆ, ಒಂದೂ ಹೊರಟಿಲ್ಲ:
ಸತ್ತ ರೇಡಿಯೊದ ತಂತಿ, ಮಾರಿದ ಫ್ಯಾನಿನ ತಂತಿ,
ಎಲ್ಲವೂ ಇನ್ನೂ ಕರೆಂಟು ಹೊತ್ತು
ಯಾರಿಗೋ ಕಾಯುತ್ತಿದ್ದವು.

ಸ್ವಿಚ್ಚಿನ ಹಲಗೆ ಬಿಚ್ಚಿದರೆ ಅದರ ಬೆನ್ನಲ್ಲಿ
ಬಡಗಿಯ ಪೆನ್ಸಿಲ್ಲಿನಲ್ಲಿ
೧ ೨ ೩ ೪ ೫ ೬ ೭.

"ಅದಾ? ಸಿಗಡಿ ಚಿತ್ರ ಅಂದುಕೊಂಡಿದ್ದೆ" ಅಂದ ಕುಸ್ತೋದಿಯೊ.
ಇರಲಿ, ೩ ಸ್ವಲ್ಪ ಸಿಗಡಿಯೇ.
"ತದಡಿ ಕಡೆಯವನೊಬ್ಬ ಮಾಡಿದ್ದು, ಅಪ್ಪನ ಕಾಲಕ್ಕೆ.
ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಹೆಸರು ಹೋಯಿತು."

ಕಂಬದ ದೀಪ, ಎಡದ ಕೆಂಪು, ಬಲದ ಹಸಿರು,
ಪಂಪು, ಇಂಜಿನ್ ಕೋಣೆ, ವೈರ್‌ಲೆಸ್ಸು.
ಆರಕ್ಕೆ ಆರೂ ಸಿಕ್ಕವು.
ಏಳು?

ಬುಧನ್ ಆ ಕಡೆ ಕಿವಿಯಿಟ್ಟ, ನಾನು ಈ ಕಡೆ ಎಳೆದೆ.
ಐಸಿನ ಪೆಟ್ಟಿಗೆಯ ಕೆಳಗೆ, ಡೀಸೆಲ್ ಟ್ಯಾಂಕಿನ ಹಿಂದೆ,
ಇಲಿಯೂ ಬಳಸಿ ಹೋಗುವ ದಾರಿ ಹಿಡಿದು
ಅದು ಮೂತಿಯ ತುದಿಗೆ, ಅಡುಗೆಯವನು ಮಲಗುವಲ್ಲಿಗೆ,
ತಲೆಯಿಡುವ ಜಾಗಕ್ಕೆ ಹೋಗಿ ನಿಂತಿತ್ತು.
ಬೆರಳ ತುದಿಯಷ್ಟು ಬಲ್ಬು.
ಮೇಲೆ ಅರ್ಧ ಕರಟ, ಒಂದೇ ತೂತು,
ಅಂಗೈಯಷ್ಟೇ ಬೆಳಕು ಬೀಳುವಂತೆ.

"ಯಾತಕ್ಕೆ?" ಅಂದ ಬುಧನ್.
ಕಾಗದ ಓದಲಿಕ್ಕೋ, ಬೆರಳಿನ ಮುಳ್ಳು ತೆಗೆಯಲಿಕ್ಕೋ.
ನನಗೇನು ಗೊತ್ತು.
ಒಬ್ಬ ಕೇಳಿದ್ದ, ಇನ್ನೊಬ್ಬ ಎಳೆದುಕೊಟ್ಟಿದ್ದ,
ಯಜಮಾನನಿಗೆ ಹೇಳಿರಲಿಲ್ಲ.

ಈಗ ತವರ ಬಳಿದ ತಾಮ್ರ.
ಒಂದೊಂದಕ್ಕೂ ಅದರದೇ ಫ್ಯೂಸು,
ತುದಿಗಳಿಗೆ ಬಿಸಿಗೆ ಮುದುಡುವ ಕೊಳವೆ,
ಮಷೀನು ಛಾಪಿಸಿದ ಚೀಟಿ.
ಬಿಲ್ಲಿನಲ್ಲಿ ಆರು.
ಸುರುಳಿಯ ಕೊನೆಗೆ ಉಳಿದ ತುಂಡು ಸರಿಯಾಗಿ ಸಾಲುತ್ತಿತ್ತು,
ಅಥವಾ ಸಾಲುವಂತೆ ನಾನೇ ಉಳಿಸಿದ್ದೆ.
ಒಂದು ಆಂಪಿಯರ್. ಹಳೇ ಕರಟವೇ.
ಅದಕ್ಕೆ ಏನು ಛಾಪಿಸಲಿ ಅಂತ ತಿಳಿಯದೆ
ಪೆನ್ಸಿಲ್ ನೆಕ್ಕಿ ಬರೆದೆ: ೭.

ಆಗಸ್ಟಿಗೆ ಇದೇ ದೋಣಿ ಹತ್ತುವ ಬುಧನ್
ಪರೀಕ್ಷೆಗೆಂದು ಒಳಗೆ ತೂರಿ ಮಲಗಿದ.
ಸ್ವಿಚ್ ಒತ್ತಿದೆ.
"ಬಂತಾ?"
ತಾಡಪತ್ರಿಯ ಮೇಲೆ ಮಳೆ.
"ಬಂತೇನೋ?"
ತುಸು ತಡೆದು, "ಹೂಂ" ಅಂದ.
ನಾನು ಕಟಿಂಗ್ ಪ್ಲೇಯರ್ ಒರೆಸಿ, ತುಂಡು ತಂತಿ ಆರಿಸಿ,
ಚೀಲ ಕಟ್ಟಿದ ಮೇಲೂ
ಅವನು ಹೊರಗೆ ಬಂದಿರಲಿಲ್ಲ.