ಎಡಸುತ್ತು

ಕಾರು ನಿಲ್ಲಿಸುವಲ್ಲಿ ಒಂದು ಹಲಗೆ. ಬಾಣ ಬಲಕ್ಕೆ.
ಏಳು ಮೈಲಿಯ ಸುತ್ತು, ನಾಲ್ಕು ಗಂಟೆ, ಗಟ್ಟಿ ಬೂಟು ಇರಲಿ.
ಟೆಗ್ವೆನ್ ಅದನ್ನು ನೋಡುವುದೂ ಇಲ್ಲ, ಎಡಕ್ಕೆ ಹೊರಳುತ್ತಾಳೆ.
ಎಪ್ಪತ್ತೆಂಟು ತುಂಬಿದವಳು, ಮೊಣಕಾಲಿಗೆ ಪಟ್ಟಿ,
ಆದರೂ ನನಗಿಂತ ಹತ್ತು ಮಾರು ಮುಂದೆ.
‘ಅಪ್ಪ ಹತ್ತುತ್ತಿದ್ದುದು ಈ ಕಡೆಯಿಂದ.’
ಅಷ್ಟು ಹೇಳಿ ತಡಮೆ ದಾಟಿದಳು.

ಅಕ್ಟೋಬರಿನ ವೇಲ್ಸು. ಜರಿಗಿಡವೆಲ್ಲ ತುಕ್ಕು.
ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ ಗುಡ್ಡದ ಬೆನ್ನೇರಿ ಹೋಗಿ
ಮಂಜಿನೊಳಗೆಲ್ಲೋ ಮಾತು ಮರೆತಂತೆ ನಿಂತಿದೆ.
ಕುರಿಗಳ ಬೆನ್ನಿಗೆ ನೀಲಿ ಗುರುತು. ಒಂದು ಮುಖವೆತ್ತಿ ನೋಡಿ
ತನಗೆ ಕೆಲಸವಿದೆ ಎಂಬಂತೆ ಮತ್ತೆ ಮೇಯತೊಡಗಿತು.

ತಡಮೆಯಿಂದ ಇನ್ನೂರು ಹೆಜ್ಜೆಗೆ ಒಂದು ಚಪ್ಪಟೆ ಕಲ್ಲು.
ಟೆಗ್ವೆನ್ ಕೂತಳು. ದಣಿದಿರಲಿಲ್ಲ.
ಕೈಗಡಿಯಾರ ನೋಡಿಕೊಂಡು, ಎರಡು ನಿಮಿಷ ಕೂತು, ಎದ್ದಳು.
ಹಳ್ಳದ ಬದಿಗೆ ಮತ್ತೊಂದು ಕಲ್ಲು. ಕೂತಳು.
ಗಾಳಿಗೆ ಬಾಗಿದ ಮುಳ್ಳುಮರದ ಬುಡದಲ್ಲಿ ಇನ್ನೊಂದು.
ನಾನು ಕೇಳಲಿಲ್ಲ. ನಾಲ್ಕನೆಯದರ ಹೊತ್ತಿಗೆ ತಾನೇ ಹೇಳಿದಳು:

‘ಕೆಳಗಿನದು ಅರವತ್ತೊಂದನೆಯ ಇಸವಿ, ಅವನ ಕೊನೆಯ ಚಳಿಗಾಲ.
ಹಳ್ಳದ್ದು ಅದರ ಹಿಂದಿನ ವರ್ಷ.
ಈ ಕಲ್ಲಿನ ಮೇಲೆ ಅವನು ಕೂರತೊಡಗಿದಾಗ ನನಗೆ ಒಂಬತ್ತು.
ಬುತ್ತಿ ಹಿಡಿದು ಇಲ್ಲಿಯ ತನಕ ಬರುತ್ತಿದ್ದೆ.
ಎದೆಯೊಳಗೆ ಯಾರೋ ಮರಳು ಜರಡಿಯಾಡುವ ಸದ್ದು.
ಕಂಪೆನಿಯ ಡಾಕ್ಟರು ಹೇಳಿದ: ಧೂಳಿನದೇನೂ ತಪ್ಪಿಲ್ಲ,
ನೀವು ಚಹಾವನ್ನು ಅತಿಯಾಗಿ ಕುದಿಸುತ್ತೀರಿ.’

ಮೇಲೇರಿದಷ್ಟೂ ಇಸವಿಗಳು ಹಿಂದೆ ಸರಿದವು.
ಕಲ್ಲಿನಿಂದ ಕಲ್ಲಿಗೆ ದೂರ ಹೆಚ್ಚಿತು,
ಮೀಸೆ ಕಪ್ಪಾಗುತ್ತ ಬಂತು.
ಆ ಕಣಿವೆಯಲ್ಲಿ ಇಡ್ವಲ್ ಎಂಬುವವರು ಮೂವರಿದ್ದರಂತೆ,
ಇವನು ಶಿಳ್ಳೆಯ ಇಡ್ವಲ್.
ಶಿಳ್ಳೆ ನಿಂತ ಮೇಲೂ ಹೆಸರು ಹಾಗೇ ಉಳಿಯಿತು,
ಕರೆಯುವವರು ಮಾತ್ರ ಸ್ವಲ್ಪ ದನಿ ತಗ್ಗಿಸುತ್ತಿದ್ದರು.
ಐವತ್ತೆರಡರಲ್ಲಿ ಒಂದೇ ಕಲ್ಲು, ಇಳಿಜಾರು ಹಳಿಯ ನೆತ್ತಿಯಲ್ಲಿ,
ಅದೂ ಪೈಪು ಹೊತ್ತಿಸುವ ನೆಪದಲ್ಲಿ.
ಅದರಾಚೆ ಕೂರುವ ಕಲ್ಲಿಲ್ಲ.

ಅದರಾಚೆ ಗಣಿ.
ಬೆಟ್ಟವನ್ನು ಸೌಟಿನಲ್ಲಿ ಮೊಗೆದು ತೆಗೆದ ಗುಂಡಿ,
ತಳದಲ್ಲಿ ಕಿಲುಬು ಹಸಿರಿನ ನೀರು,
ಮುಳುಗಿದ ಕ್ರೇನಿನ ಕುತ್ತಿಗೆಯಷ್ಟೇ ಹೊರಗೆ.
ಕೆಂಪು ಕೊಕ್ಕಿನ ಕಾಗೆಗಳೆರಡು ಅದರ ಮೇಲೆ ಜಗಳವಾಡುತ್ತಿವೆ.
ಸುತ್ತ ಸ್ಲೇಟಿನ ಚೂರು, ಗುಡ್ಡೆಗುಡ್ಡೆ ಚೂರು:
ಹತ್ತು ಪಾಲು ಒಡೆದರೆ ಒಂದು ಪಾಲು ಮಾಡಿಗೆ,
ಉಳಿದದ್ದೆಲ್ಲ ಇಲ್ಲೇ, ಕಾಲಿಟ್ಟರೆ ಬಳೆ ಒಡೆದ ಸದ್ದು.
ಸೋಮವಾರ ಬಂದು ಶನಿವಾರ ಮನೆಗೆ ಹೋಗುತ್ತಿದ್ದ
ಗಂಡಸರ ಬಿಡಾರಗಳು ಗೋಡೆ ಮಾತ್ರ ಉಳಿಸಿಕೊಂಡು ಸಾಲಾಗಿ ನಿಂತಿವೆ.
ಊರಿಗೆಲ್ಲ ಮಾಡು ಹೊದಿಸಿದವರಿಗೆ ಈಗ ಮಾಡಿಲ್ಲ ಎನ್ನಹೊರಟೆ.
‘ಬಂದವರೆಲ್ಲ ಅದನ್ನೇ ಹೇಳುತ್ತಾರೆ,’ ಎಂದಳು ಟೆಗ್ವೆನ್.

ಒಂದು ತೆಳು ಬಿಲ್ಲೆ ಎತ್ತಿ, ಅಂಚನ್ನು ಹೆಬ್ಬೆರಳಲ್ಲಿ ತಡವಿದಳು.
‘ಈ ಅಳತೆಗೆ ಕೌಂಟೆಸ್ ಎಂದು ಹೆಸರು. ದೊಡ್ಡದಾದರೆ ಡಚೆಸ್.
ದಿನವಿಡೀ ದೊರೆಸಾನಿಯರನ್ನೇ ಸೀಳುತ್ತಿದ್ದ ಅಪ್ಪ,
ಒಬ್ಬಳನ್ನೂ ಕಣ್ಣಾರೆ ಕಂಡವನಲ್ಲ.’
ಬಿಲ್ಲೆಯನ್ನು ಎಲ್ಲಿಂದ ಎತ್ತಿದ್ದಳೋ ಅಲ್ಲೇ, ಅದೇ ಮಗ್ಗುಲಾಗಿ ಇಟ್ಟಳು.
ಆಮೇಲೆ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿದಳು.
ಕುದಿದು ಕುದಿದು ಕೀಲೆಣ್ಣೆಯಷ್ಟು ಕಪ್ಪು.
‘ಕುಡಿ. ಏನೂ ಆಗುವುದಿಲ್ಲ.’

ಇಳಿಯುವ ದಾರಿ ಬಡಗಣ ಬದಿಯದು.
ಇಳಿಯಲು ಅವನಿಗೆ ಕಲ್ಲು ಬೇಕಾಗಿರಲಿಲ್ಲ, ಕೊನೆಯ ವರ್ಷವೂ.
ಒದ್ದೆ ಹುಲ್ಲು, ಜಾರು. ಟೆಗ್ವೆನ್ ಈಗ ನನ್ನ ಹಿಂದೆ.
ತಿರುಗಿ ನೋಡಿದರೆ ಪಾಚಿ ಮುಚ್ಚಿದ ಬಂಡೆಯ ಮೇಲೆ
ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಾಳೆ.
ಇದು ಯಾವ ಇಸವಿಯದು ಎಂದೆ.
‘ಇದು ಅವನದಲ್ಲ.
ನನ್ನದು. ಹೋದ ವರ್ಷದಿಂದ.’
ಸ್ವಲ್ಪ ಸರಿದು ಜಾಗ ಮಾಡಿದಳು.
ಕೂತೆವು.
ಗಡಿಯಾರ ನೋಡಲಿಲ್ಲ.